ಕೂಸು ನೋಡಿಕೊಳ್ಳುವ ವಿದ್ಯೆ

ಅರಕಲಗೂಡು ಸೀಮೆಯಲ್ಲಿ ಹೊಗೆಸೊಪ್ಪಿನ ಹಂಗಾಮು ಹತ್ತಿತೆಂದರೆ ಊರಿನ ಹೆಂಗಸರಿಗೆ ಹೊತ್ತು ಸಾಲದು. ಸಸಿ ನಾಟಿ, ಕಳೆ, ಗೊಬ್ಬರ, ಆಮೇಲೆ ಎಲೆ ಮುರಿದು ಕಡ್ಡಿಗೆ ಕಟ್ಟಿ ಬ್ಯಾರನ್ನಿಗೆ ಏರಿಸುವ ಕೆಲಸ. ರಾಮನಾಥಪುರದ ಹರಾಜು ಮಾರುಕಟ್ಟೆಗೆ ಬೇಲು ಹೋಗುವ ತನಕ ಕೆಲಸದ ಕೊಂಡಿ ಕಳಚುವುದಿಲ್ಲ. ಹಾಸನದ ಸುತ್ತ ಆಲೂಗಡ್ಡೆ ಬಿತ್ತನೆ, ಹೊಳೆನರಸೀಪುರದ ನಾಲೆ ಬಯಲಲ್ಲಿ ಭತ್ತದ ನಾಟಿ, ಚನ್ನರಾಯಪಟ್ಟಣದ ಕಡೆ ರಾಗಿ ಹೊಲ, ತೆಂಗಿನ ತೋಟ. ಬೆಳೆ ಬೇರೆ ಬೇರೆ ಇರಬಹುದು, ಬೆಳಗ್ಗೆ ಎಂಟೂವರೆಗೆ ಟೆಂಪೊ ಹತ್ತುವ ಹೆಂಗಸರ ಗುಂಪು ನಾಲ್ಕೂ ತಾಲ್ಲೂಕಿನಲ್ಲಿ ಒಂದೇ.

ಆ ಗುಂಪಿನಲ್ಲಿ ಎಳೆಗೂಸಿನ ತಾಯಂದಿರೂ ಇರುತ್ತಾರೆ. ಮೂರು ವರ್ಷ ತುಂಬಿದ್ದರೆ ಮಗುವನ್ನು ಅಂಗನವಾಡಿಗೆ ಬಿಡಬಹುದು. ಅದೂ ಸಂಜೆ ನಾಲ್ಕರ ತನಕ. ಕೂಲಿ ಮುಗಿಯುವುದು ಐದೂವರೆಗೆ. ಮೂರು ತುಂಬದ ಮಗುವಿಗೆ ಅಂಗನವಾಡಿ ಕೊಡುವುದು ಮುಖ್ಯವಾಗಿ ಪೌಷ್ಟಿಕ ಆಹಾರದ ಪೊಟ್ಟಣ, ಚುಚ್ಚುಮದ್ದು, ತಿಂಗಳಿಗೊಮ್ಮೆ ತೂಕ. ದಿನವಿಡೀ ಇರುವ ಜಾಗವನ್ನಲ್ಲ. ಅಜ್ಜಿ ಗಟ್ಟಿಯಾಗಿದ್ದರೆ ಸರಿ. ಇಲ್ಲದಿದ್ದರೆ ಒಂಬತ್ತನೇ ಕ್ಲಾಸಿನ ಅಕ್ಕ ವಾರಕ್ಕೆರಡು ದಿನ ಶಾಲೆ ತಪ್ಪಿಸುತ್ತಾಳೆ. ಅದೂ ಆಗದಿದ್ದರೆ ಕೂಸು ಹೊಲದ ಬದುವಿನ ಮರಕ್ಕೆ ಕಟ್ಟಿದ ಸೀರೆಯ ಜೋಲಿಯಲ್ಲಿ ಮಲಗುತ್ತದೆ. ಹೊಗೆಸೊಪ್ಪಿನ ಹಸಿ ಎಲೆ ಮುಟ್ಟಿದರೆ ಅದರ ನಿಕೋಟಿನ್ ಚರ್ಮದ ಮೂಲಕವೇ ಮೈಗೆ ಇಳಿಯುತ್ತದೆ. ಎಲೆ ಮುರಿದ ಕೈಯಲ್ಲೇ ತಾಯಿ ಜೋಲಿ ತೂಗುತ್ತಾಳೆ.

ಶಾಲೆ ತಪ್ಪಿಸಿದ ಆ ಹುಡುಗಿ ಮತ್ತು ಜೋಲಿಯಲ್ಲಿರುವ ಕೂಸನ್ನು ಸರ್ಕಾರದ ಕಡತಗಳು ಬೇರೆ ಬೇರೆ ಇಲಾಖೆಗಳಿಗೆ ಹಂಚುತ್ತವೆ. ಹುಡುಗಿ ಶಿಕ್ಷಣ ಇಲಾಖೆಗೆ, ದೊಡ್ಡವಳಾದ ಮೇಲೆ ಯುವಜನ ಮತ್ತು ಕೌಶಲದ ಇಲಾಖೆಗಳಿಗೆ. ಕೂಸು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಗೆ. ಹಳ್ಳಿಯಲ್ಲಿ ಮಾತ್ರ ಇವರಿಬ್ಬರ ಹಣೆಬರಹ ಒಂದೇ ಗಂಟಿನಲ್ಲಿದೆ. ಕೂಸನ್ನು ನೋಡಿಕೊಳ್ಳುವವರು ಇಲ್ಲದ್ದಕ್ಕೆ ಹುಡುಗಿಯ ಓದು ನಿಲ್ಲುತ್ತದೆ. ಓದು ನಿಂತ ಹುಡುಗಿಗೆ ಕೂಸು ನೋಡಿಕೊಳ್ಳುವುದನ್ನು ಒಂದು ವಿದ್ಯೆಯಾಗಿ ಕಲಿಸುವವರೂ ಇಲ್ಲ. ಗ್ರಾಮೀಣ ಯುವಜನರ ಶಿಕ್ಷಣ ಮತ್ತು ಶಿಶುಪಾಲಕಿಯರ ತರಬೇತಿ ಎಂಬ ಎರಡು ಕಾರ್ಯಕ್ರಮಗಳನ್ನು ಬೇರೆ ಬೇರೆ ಬ್ಯಾನರಿನ ಕೆಳಗೆ ನಡೆಸುವುದು ನನಗೆ ವಿಚಿತ್ರವಾಗಿ ಕಾಣುವುದು ಇದಕ್ಕೇ.

ಅಂಗನವಾಡಿ ನಮ್ಮ ರಾಜ್ಯಕ್ಕೆ ಮೊದಲು ಬಂದದ್ದು ದೂರವೇನಲ್ಲ. ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಆರಂಭವಾದಾಗ ಕರ್ನಾಟಕದ ಪಾಲಿಗೆ ಸಿಕ್ಕಿದ್ದು ತಿ. ನರಸೀಪುರ. ರಾಮನಾಥಪುರ ದಾಟಿದ ಕಾವೇರಿ, ಹೊಳೆನರಸೀಪುರ ದಾಟಿದ ಹೇಮಾವತಿ, ಎರಡೂ ಕನ್ನಂಬಾಡಿಯಲ್ಲಿ ಕೂಡಿ ಕೊನೆಗೆ ಹೋಗಿ ಮುಟ್ಟುವುದು ಅದೇ ಊರನ್ನು. ಅದಕ್ಕೂ ಮೊದಲು ಈ ಕಲ್ಪನೆಗೆ ಮಣ್ಣು ಹದ ಮಾಡಿದವರು ತಾರಾಬಾಯಿ ಮೋಡಕ್. ಭಾವನಗರದ ದಕ್ಷಿಣಾಮೂರ್ತಿ ಬಾಲಮಂದಿರದಲ್ಲಿ ಗಿಜುಭಾಯಿ ಬಧೇಕಾ ಅವರ ಜೊತೆ ದುಡಿದ ಈಕೆ, 1945ರಲ್ಲಿ ಮಹಾರಾಷ್ಟ್ರದ ಕರಾವಳಿಯ ಬೋರ್ಡಿ ಎಂಬ ಊರಿಗೆ ಬಂದು ಬಡವರ ಮಕ್ಕಳಿಗಾಗಿ ಬಾಲವಾಡಿ ತೆರೆದರು. ಕೇರಿಯ ಮಕ್ಕಳು ಬಾಲವಾಡಿಗೆ ಬರಲಿಲ್ಲ. ಕಾರಣ ಹುಡುಕುತ್ತ ಕೂರುವ ಬದಲು ತಾರಾಬಾಯಿ ಮತ್ತು ಅವರ ಶಿಷ್ಯೆ ಅನುತಾಯಿ ವಾಘ್ ಪಾಠವನ್ನೇ ಕೇರಿಯ ಅಂಗಳಕ್ಕೆ ಹೊತ್ತುಕೊಂಡು ಹೋದರು. ಮಕ್ಕಳ ಮೈ ತೊಳೆದು, ತಲೆ ಬಾಚಿ, ಅಲ್ಲೇ ಸಿಗುವ ಕಲ್ಲು, ಕಡ್ಡಿ, ಬೀಜಗಳಲ್ಲಿ ಆಟ ಕಟ್ಟಿದರು. ನಮ್ಮ ಕನ್ನಡನಾಡಿನಲ್ಲಿ ಆರ್. ಕಲ್ಯಾಣಮ್ಮ 1938ರಲ್ಲೇ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಮಕ್ಕಳ ಕೂಟ ಕಟ್ಟಿದ್ದರು. ಅದು ಪಟ್ಟಣದ ಮಕ್ಕಳ ಭಾಗ್ಯ. ಹಳ್ಳಿಯ ಮಗು ಕಾಯಬೇಕಾಯಿತು.

ಐವತ್ತು ವರ್ಷ ಕಳೆದಿದೆ. ಇಂದು ಅಂಗನವಾಡಿ ಇಲ್ಲದ ಊರು ಹುಡುಕಬೇಕು. ಆದರೆ ಅಲ್ಲಿ ಕೂತಿರುವ ಹೆಣ್ಣುಮಗಳಿಗೆ ನಾವು ಏನನ್ನು ಕಲಿಸಿದ್ದೇವೆ?

ಕೆಲಸಕ್ಕೆ ಸೇರಿದ ಕಾರ್ಯಕರ್ತೆಗೆ ಮೊದಲಿಗೆ ಕೆಲವು ತಿಂಗಳ ತರಬೇತಿ ಇತ್ತು. ಆಮೇಲೆ ಅದು 26 ದಿನಕ್ಕೆ ಇಳಿಯಿತು. ಸಹಾಯಕಿಗೆ ಎಂಟು ದಿನ. ನಡುನಡುವೆ ಪುನಶ್ಚೇತನ. 2023ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ‘ಪೋಷಣ್ ಭಿ, ಪಢಾಯಿ ಭಿ’ ಎಂಬ ಹೊಸ ಕಾರ್ಯಕ್ರಮ ತಂದಿತು. ಮರುವರ್ಷ ಮೂರು ವರ್ಷದೊಳಗಿನವರಿಗೆ ‘ನವಚೇತನಾ’, ಮೂರರಿಂದ ಆರರವರಿಗೆ ‘ಆಧಾರಶಿಲಾ’ ಎಂಬ ಪಠ್ಯಕ್ರಮಗಳೂ ಬಂದವು. ಓದಿ ನೋಡಿದರೆ ಅವು ಕೆಟ್ಟವಲ್ಲ, ಆಟದ ಮೂಲಕ ಕಲಿಕೆ ಎಂಬ ಮಾತನ್ನು ಅವು ನಿಜಕ್ಕೂ ನಂಬಿವೆ. ಅದನ್ನು ಕಾರ್ಯಕರ್ತೆಗೆ ದಾಟಿಸುವುದಕ್ಕೆ ಇಟ್ಟ ಅವಧಿ ಮೂರು ದಿನ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಇದಕ್ಕಿಂತ ದೊಡ್ಡ ಮಾತು ಆಡಿತ್ತು: ಪಿಯುಸಿ ಆದವರಿಗೆ ಆರು ತಿಂಗಳ ಸರ್ಟಿಫಿಕೇಟ್ ಕೋರ್ಸು, ಅದಕ್ಕಿಂತ ಕಡಿಮೆ ಓದಿದವರಿಗೆ ಒಂದು ವರ್ಷದ ಡಿಪ್ಲೊಮಾ, ಕೆಲಸ ಬಿಡದೆ ದೂರಶಿಕ್ಷಣದಲ್ಲಿ. ಆರು ತಿಂಗಳು ಬೇಕೆಂದು ನೀತಿ ಹೇಳುತ್ತದೆ, ಮೂರು ದಿನ ಸಾಕೆಂದು ವೇಳಾಪಟ್ಟಿ ಹೇಳುತ್ತದೆ.

ತಾಲ್ಲೂಕು ಕೇಂದ್ರದ ಸಭಾಂಗಣದಲ್ಲಿ ನಡೆಯುವ ಇಂಥ ತರಬೇತಿಗಳ ಸ್ವರೂಪ ಹೆಚ್ಚುಕಡಿಮೆ ಎಲ್ಲರಿಗೂ ಗೊತ್ತು. ಗೋಡೆಯ ಮೇಲೆ ಸ್ಲೈಡು, ಮಧ್ಯಾಹ್ನ ಪಲಾವು, ಸಂಜೆ ಗ್ರೂಪ್ ಫೋಟೊ. ಮಗುವಿನ ಮಿದುಳು ಆರು ವರ್ಷದೊಳಗೇ ಬಹುಪಾಲು ಬೆಳೆಯುತ್ತದೆ ಎಂಬ ಚಿತ್ರ ಕಡ್ಡಾಯವಾಗಿ ಇರುತ್ತದೆ. ಚಿತ್ರ ಸುಳ್ಳಲ್ಲ. ಆದರೆ ಮಾರನೇ ದಿನ ಕೇಂದ್ರಕ್ಕೆ ಹೋದವಳಿಗೆ ಬೇಕಾದ್ದು ಮಿದುಳಿನ ಚಿತ್ರವಲ್ಲ.

ಅವಳಿಗೆ ಎದುರಾಗುವ ಮಕ್ಕಳನ್ನು ನೋಡಿ. ಒಬ್ಬ ಪಕ್ಕದವನ ಕೈ ಕಚ್ಚುತ್ತಾನೆ. ಗದರಿದರೆ ಇನ್ನೂ ಕಚ್ಚುತ್ತಾನೆ. ಅವನಿಗೆ ಮಾತು ತಡವಾಗಿ ಬರುತ್ತಿದೆ, ಬೇಕಾದ್ದನ್ನು ಬಾಯಲ್ಲಿ ಹೇಳಲು ಆಗದೆ ಹಲ್ಲಿನಲ್ಲಿ ಹೇಳುತ್ತಿದ್ದಾನೆ ಎಂದು ಹೊಳೆಯುವುದಕ್ಕೆ ಅವಳು ಅಂಥ ಮಗುವನ್ನು ಮೊದಲು ಯಾರದೋ ಜೊತೆ ಕೂತು ಗಮನಿಸಿರಬೇಕು. ಇನ್ನೊಬ್ಬಳು ಬೆಳಗ್ಗೆ ತಾಯಿ ಬಿಟ್ಟುಹೋದ ಬಾಗಿಲನ್ನೇ ನೋಡುತ್ತ ಹನ್ನೊಂದರ ತನಕ ಕೂರುತ್ತಾಳೆ, ಅಳುವುದೂ ಇಲ್ಲ. ಅಳುವ ಮಗುವಿಗಿಂತ ಈ ಮಗುವಿನ ಬಗ್ಗೆ ಹೆಚ್ಚು ಎಚ್ಚರ ಬೇಕು. ‘ಒಳ್ಳೇ ಮಗು, ತಂಟೆ ಇಲ್ಲ’ ಎಂಬ ಹೊಗಳಿಕೆಯ ಕೆಳಗೆ ಅದು ಮರೆತೇಹೋಗುತ್ತದೆ. ಮತ್ತೊಂದು ಮಗು ಮುದ್ದೆ ಉಣ್ಣುವುದಿಲ್ಲ, ಕುರ್‌ಕುರೆ ಪೊಟ್ಟಣ ಬೇಕೆನ್ನುತ್ತದೆ. ಬಾಯಿಗೆ ತುರುಕಿ ಉಣ್ಣಿಸುವುದಕ್ಕೂ, ಮಗುವಿನ ಕೈಗೇ ತುತ್ತು ಕೊಟ್ಟು ಚೆಲ್ಲಲು ಬಿಟ್ಟು ಕಾಯುವುದಕ್ಕೂ ಇರುವ ವ್ಯತ್ಯಾಸವನ್ನು ಯಾವ ಸ್ಲೈಡೂ ಕಲಿಸುವುದಿಲ್ಲ. ಪಕ್ಕದಲ್ಲಿ ಕೂತ ಅನುಭವಸ್ಥೆ ಒಂದು ಸಲ ಮಾಡಿ ತೋರಿಸಿದರೆ ಸಾಕು.

ಇದರ ಜೊತೆಗೆ ಅವಳ ಕೈಯಲ್ಲಿ ಒಂದು ಫೋನು. ಪೋಷಣ್ ಟ್ರ್ಯಾಕರ್ ಆ್ಯಪಿಗೆ ಹಾಜರಾತಿ ಏರಿಸಬೇಕು, ತೂಕ ಏರಿಸಬೇಕು, ಎತ್ತರ ಏರಿಸಬೇಕು. ಗರ್ಭಿಣಿ ಬಾಣಂತಿಯರಿಗೆ 2017ರ ಅಕ್ಟೋಬರ್‌ನಿಂದ ಮಾತೃಪೂರ್ಣ ಯೋಜನೆಯ ಊಟ. ನಡುವೆ ಸಮೀಕ್ಷೆ, ಚುನಾವಣೆ ಬಂದರೆ ಬೂತ್ ಕೆಲಸ. ಮಕ್ಕಳು ‘ಮಿಸ್, ಮಿಸ್’ ಎಂದು ಸೆರಗು ಜಗ್ಗುತ್ತಿದ್ದರೆ ಮಿಸ್ಸಿನ ಕಣ್ಣು ನೆಟ್‌ವರ್ಕಿನ ಗೀಟುಗಳ ಮೇಲೆ. ಅವಳನ್ನು ದೂರುವುದು ಸುಲಭ, ನ್ಯಾಯವಲ್ಲ.

ಇಲ್ಲಿ ಎರಡು ಪ್ರಯೋಗಗಳ ಮಾತು ಆಡಬೇಕು. ಎರಡೂ ಶ್ರೀಮಂತ ದೇಶದವಲ್ಲ.

ಒಂದು ಜಮೈಕಾದ್ದು. ಕಿಂಗ್‌ಸ್ಟನ್ ನಗರದ ಬಡ ಕೇರಿಗಳಲ್ಲಿ 1980ರ ದಶಕದಲ್ಲಿ ಸ್ಯಾಲಿ ಗ್ರಾಂಥಮ್-ಮೆಕ್‌ಗ್ರೆಗರ್ ಮತ್ತು ಸಂಗಡಿಗರು ಬೆಳವಣಿಗೆ ಕುಂಠಿತವಾಗಿದ್ದ 129 ಮಕ್ಕಳನ್ನು ಆಯ್ದುಕೊಂಡರು. ಒಂಬತ್ತು ತಿಂಗಳಿನಿಂದ ಎರಡು ವರ್ಷದ ಒಳಗಿನವರು. ಕೆಲವರ ಮನೆಗೆ ವಾರಕ್ಕೊಮ್ಮೆ, ಒಂದು ಗಂಟೆ ಹೊತ್ತು, ಆರೋಗ್ಯ ಸಹಾಯಕಿಯೊಬ್ಬಳು ಹೋಗುತ್ತಿದ್ದಳು. ನಮ್ಮ ಆಶಾ ಕಾರ್ಯಕರ್ತೆಯಂಥವಳು, ದೊಡ್ಡ ಓದಿನವಳಲ್ಲ. ಖಾಲಿ ಡಬ್ಬಿ, ಬಾಟಲಿ ಮುಚ್ಚಳ, ಬಟ್ಟೆ ಚೂರುಗಳಲ್ಲಿ ಮಾಡಿದ ಆಟಿಕೆ ಒಯ್ಯುವಳು, ತಾಯಿ ಮಗುವಿನ ಜೊತೆ ಆಡುವುದನ್ನು ತೋರಿಸುವಳು, ಆಟಿಕೆ ಅಲ್ಲೇ ಬಿಟ್ಟು ಮುಂದಿನ ವಾರ ಬೇರೆ ತರುವಳು. ಎರಡು ವರ್ಷ ಹೀಗೆ ನಡೆಯಿತು. ಮಕ್ಕಳು ದೊಡ್ಡವರಾಗಿ ಇಪ್ಪತ್ತೆರಡರ ಆಸುಪಾಸಿಗೆ ಬಂದಾಗ ಮತ್ತೆ ಹುಡುಕಿ ನೋಡಿದರು. ಆ ಭೇಟಿಗಳನ್ನು ಪಡೆದಿದ್ದವರ ಸಂಪಾದನೆ ಪಡೆಯದವರಿಗಿಂತ ಶೇ 25ರಷ್ಟು ಹೆಚ್ಚಿತ್ತು. 2014ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಈ ಲೆಕ್ಕ ಪ್ರಕಟವಾಯಿತು. ಆ ಸಹಾಯಕಿಯರ ಗುಟ್ಟು ಮೊದಲ ತರಬೇತಿಯ ಉದ್ದದಲ್ಲಿರಲಿಲ್ಲ. ಅವರ ಬೆನ್ನ ಹಿಂದೆ ಮೇಲ್ವಿಚಾರಕಿಯರು ಇದ್ದರು. ಹೋದ ವಾರ ಯಾವ ಮನೆಯಲ್ಲಿ ಏನಾಯಿತು, ಈ ವಾರ ಏನು ಮಾಡೋಣ ಎಂದು ಕೇಳುವವರು ಇದ್ದರು. ನಮ್ಮ ಮೇಲ್ವಿಚಾರಕಿಯೂ ಕೇಂದ್ರಕ್ಕೆ ಬರುತ್ತಾಳೆ, ಬಂದವಳು ಮೊದಲು ಕೇಳುವುದು ರಿಜಿಸ್ಟರು.

ಇನ್ನೊಂದು ಪಕ್ಕದ ತಮಿಳುನಾಡಿನದು. ಅಲ್ಲಿ 320 ಅಂಗನವಾಡಿಗಳನ್ನು ಆಯ್ದು ಕೆಲವಕ್ಕೆ ಅರ್ಧ ದಿನದ ಇನ್ನೊಬ್ಬ ಕಾರ್ಯಕರ್ತೆಯನ್ನು ಕೊಟ್ಟರು. ಅವಳ ಕೆಲಸ ಶಾಲಾಪೂರ್ವ ಪಾಠ ಮಾತ್ರ. ಹಳಬಳಿಗೆ ಪೌಷ್ಟಿಕತೆ, ಆರೋಗ್ಯ ನೋಡಲು ಕೈ ಬಿಡುವಾಯಿತು. ಪಾಠದ ಹೊತ್ತು ಎರಡು ಪಟ್ಟಾಯಿತು, ಮಕ್ಕಳ ಭಾಷೆ ಮತ್ತು ಲೆಕ್ಕ ಸುಧಾರಿಸಿತು, ಕುಂಠಿತ ಬೆಳವಣಿಗೆ ಮತ್ತು ತೀವ್ರ ಅಪೌಷ್ಟಿಕತೆಯೂ ಇಳಿಯಿತು. ಹೊಸ ಕಟ್ಟಡವಿಲ್ಲ, ಟ್ಯಾಬ್ಲೆಟ್ ಇಲ್ಲ. ಇನ್ನೂ ಒಬ್ಬ ಹೆಣ್ಣುಮಗಳು, ಅಷ್ಟೇ.

ಆ ಇನ್ನೊಬ್ಬ ಹೆಣ್ಣುಮಗಳು ನಮ್ಮ ಊರುಗಳಲ್ಲಿ ಇದ್ದಾಳೆ. ಪಿಯುಸಿ ಮುಗಿಸಿ ಮನೆಯಲ್ಲಿ ಕೂತಿದ್ದಾಳೆ. ಡಿಗ್ರಿಗೆ ಹಾಸನಕ್ಕೆ ಕಳಿಸಲು ಅಪ್ಪನಿಗೆ ಮನಸ್ಸಿಲ್ಲ, ಗಾರ್ಮೆಂಟ್ಸಿಗೆ ಕಳಿಸಲು ಅಮ್ಮನಿಗೆ ಮನಸ್ಸಿಲ್ಲ, ಗಂಡು ಹುಡುಕುವುದು ಶುರುವಾಗಿದೆ. ಅವಳಿಗಾಗಿ ನಾವು ಇಟ್ಟಿರುವ ತರಬೇತಿ ಹೊಲಿಗೆ ಮತ್ತು ಬ್ಯೂಟಿ ಪಾರ್ಲರ್. 1982ರಲ್ಲಿ ಉಜಿರೆಯಲ್ಲಿ ವೀರೇಂದ್ರ ಹೆಗ್ಗಡೆಯವರು ಎರಡು ಬ್ಯಾಂಕುಗಳ ಜೊತೆ ಸೇರಿ ಆರಂಭಿಸಿದ ರುಡ್‌ಸೆಟ್ ಸಂಸ್ಥೆ ದೇಶಕ್ಕೇ ಮಾದರಿಯಾಯಿತು. ಇವತ್ತು ಜಿಲ್ಲೆಗೊಂದರಂತೆ ಇರುವ ಆರ್‌ಸೆಟಿಗಳು ಅದರ ಮರಿಗಳು. ಊಟ, ವಸತಿ ಉಚಿತ, ಹಸು ಸಾಕಣೆಯಿಂದ ಮೊಬೈಲ್ ರಿಪೇರಿಯವರೆಗೆ ಕಲಿಸುತ್ತಾರೆ, ಚೆನ್ನಾಗಿಯೇ ಕಲಿಸುತ್ತಾರೆ. ಕರು ಸಾಕುವುದಕ್ಕೆ ತರಬೇತಿ ಬೇಕೆಂದು ಒಪ್ಪಿದ ನಾವು, ಮಗು ಸಾಕುವುದು ಹೆಣ್ಣಿಗೆ ಹುಟ್ಟಿನಿಂದಲೇ ಬರುತ್ತದೆ ಎಂದುಕೊಂಡು ಬಿಟ್ಟಿದ್ದೇವೆ. ಗಂಡುಹುಡುಗರಿಗಂತೂ ಅದರ ಗಾಳಿಯೂ ಸೋಕಬಾರದು. ಬೆಂಗಳೂರಿಗೆ ಹೋಗಿ ಊಟದ ಡೆಲಿವರಿ ಮಾಡುವ ಹುಡುಗ ನಾಳೆ ತಂದೆಯಾಗುವವನು ಎಂಬುದು ಯಾವ ಯುವಜನ ಕಾರ್ಯಕ್ರಮದ ಪಟ್ಟಿಯಲ್ಲೂ ಕಾಣುವುದಿಲ್ಲ.

ಹಳ್ಳಿಯ ತರುಣರಿಗೆ ಬದುಕಿನ ವಿದ್ಯೆ ಕಲಿಸುವುದು ಈ ನೆಲಕ್ಕೆ ಅಪರಿಚಿತ ವಿಚಾರವೇನಲ್ಲ. ಹಳೇ ಮೈಸೂರಿನಲ್ಲಿ 1940ರ ದಶಕದಲ್ಲಿ ವಯಸ್ಕರ ಶಿಕ್ಷಣ ಸಮಿತಿ ಹುಟ್ಟಿಕೊಂಡಾಗ ಅದು ಸಹಿ ಹಾಕುವುದನ್ನು ಕಲಿಸಿ ಸುಮ್ಮನಾಗಲಿಲ್ಲ. ‘ಬೆಳಕು’ ಎಂಬ ವಾರಪತ್ರಿಕೆ, ‘ಪುಸ್ತಕ ಪ್ರಪಂಚ’ ಎಂಬ ಮಾಸಿಕ ತಂದಿತು, ಊರೂರಿಗೆ ಓದುವ ಮನೆ ತೆರೆಯಿತು, ಹಳ್ಳಿಯ ತರುಣರಿಗಾಗಿ ನಂಜನಗೂಡಿನಂಥ ಕಡೆ ವಿದ್ಯಾಪೀಠಗಳನ್ನು ನಡೆಸಿತು. ಅವುಗಳ ಹಿಂದಿದ್ದದ್ದು ಡೆನ್ಮಾರ್ಕಿನ ಜಾನಪದ ಪ್ರೌಢಶಾಲೆಗಳು: ಗ್ರುಂಡ್ಟ್‌ವಿಗ್ ಎಂಬ ಪಾದ್ರಿಯ ಕಲ್ಪನೆಯಿಂದ 1844ರಲ್ಲಿ ರೂಡಿಂಗ್ ಎಂಬಲ್ಲಿ ಮೊದಲು ತೆರೆದ, ರೈತರ ಮಕ್ಕಳು ಬೇಸಾಯದ ಬಿಡುವಿನಲ್ಲಿ ಬಂದು ಇದ್ದು, ಒಟ್ಟಿಗೆ ಉಂಡು, ಹಾಡಿ, ಚರ್ಚಿಸಿ ಹೋಗುವ, ಪರೀಕ್ಷೆಯಿಲ್ಲದ ಶಾಲೆಗಳು. ನಮ್ಮ ವಿದ್ಯಾಪೀಠಗಳೂ ಬೇಸಾಯ, ಸಹಕಾರ ಸಂಘ, ಪಂಚಾಯ್ತಿ, ಹಾಡು ನಾಟಕ ಎಲ್ಲವನ್ನೂ ಬೆರೆಸಿ ಕಲಿಸುತ್ತಿದ್ದವು. ಈಗ ಗ್ರಾಮ ಪಂಚಾಯ್ತಿಯ ಗ್ರಂಥಾಲಯ ‘ಅರಿವು ಕೇಂದ್ರ’ವಾಗಿದೆ, ಕೆಲವು ಕಡೆ ಕಂಪ್ಯೂಟರೂ ಬಂದಿದೆ. ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕ ಓದುವ ನಾಲ್ಕಾರು ಹುಡುಗರು ಸಂಜೆ ಅಲ್ಲಿರುತ್ತಾರೆ. ಮಧ್ಯಾಹ್ನ ಅದು ಖಾಲಿ.

ರಾಜ್ಯ ಸರ್ಕಾರ 2023ರ ಜುಲೈ ಬಜೆಟ್ಟಿನಲ್ಲಿ ಘೋಷಿಸಿದ ‘ಕೂಸಿನ ಮನೆ’, ಎಳೆಗೂಸಿಗೆ ದಿನವಿಡೀ ಇರಲು ಜಾಗವಿಲ್ಲದ ಕೊರತೆಯನ್ನು ತುಂಬಬಲ್ಲ ಯೋಜನೆ. ನಾಲ್ಕು ಸಾವಿರ ಗ್ರಾಮ ಪಂಚಾಯ್ತಿಗಳಲ್ಲಿ ನರೇಗಾ ಕೂಲಿಗೆ ಹೋಗುವವರ ಪುಟ್ಟ ಮಕ್ಕಳನ್ನು ನೋಡಿಕೊಳ್ಳುವ ಮನೆ ತೆರೆಯುವ ಗುರಿ. ನರೇಗಾ ಕಾಯ್ದೆಯಲ್ಲಿ ಮೊದಲಿನಿಂದಲೂ ಒಂದು ಅವಕಾಶ ಇತ್ತು. ಕೆಲಸದ ಜಾಗಕ್ಕೆ ಐದು ಮಕ್ಕಳು ಬಂದರೆ ಅವರನ್ನು ನೋಡಿಕೊಳ್ಳಲು ಒಬ್ಬ ಹೆಂಗಸನ್ನು ನೇಮಿಸಿ ಅವಳಿಗೂ ಕೂಲಿ ಕೊಡಬೇಕೆಂದು. ಅದು ಕಾಗದದಲ್ಲೇ ಉಳಿದಿದ್ದನ್ನು ಕರ್ನಾಟಕ ಗೋಡೆ, ಸೂರು, ಅಡುಗೆಯಿರುವ ಜಾಗಕ್ಕೆ ತಂದಿತು. ಜಾಬ್ ಕಾರ್ಡ್ ಇರುವ ಊರಿನ ಹೆಂಗಸರನ್ನೇ ಆಯ್ದು ತರಬೇತಿ ಕೊಟ್ಟು ಆರೈಕೆದಾರರನ್ನಾಗಿ ಮಾಡಿದ್ದು ಅದರಲ್ಲಿನ ಒಳ್ಳೆಯ ಅಂಶ. ಆದರೆ ಸಂಬಳದ ಮೂಲವೇ ಯೋಜನೆಗೆ ಒಂದು ತೊಡಕು ತಂದಿಟ್ಟಿತು. ನರೇಗಾದಲ್ಲಿ ಒಂದು ಕುಟುಂಬಕ್ಕೆ ವರ್ಷಕ್ಕೆ ನೂರು ದಿನದ ಕೆಲಸವಿತ್ತು. ಹಾಗಾಗಿ ಆರೈಕೆದಾರರು ಸರದಿಯಲ್ಲಿ ಬರಬೇಕಿತ್ತು. ಇವಳ ನೂರು ದಿನ ಮುಗಿದರೆ ಅವಳು.

ರಸ್ತೆ ಬದಿಯ ಗುಂಡಿ ತೋಡಲು ಯಾರು ಬಂದರೂ ನಡೆದೀತು. ಎಂಟು ತಿಂಗಳ ಕೂಸು ಹೊಸ ಮುಖ ಕಂಡರೆ ಚೀರುತ್ತದೆ. ಒಬ್ಬಳ ಮೈವಾಸನೆ, ದನಿ, ಎತ್ತಿಕೊಳ್ಳುವ ಬಗೆ ಅದಕ್ಕೆ ಹಿಡಿಸುವುದಕ್ಕೇ ವಾರಗಳು ಬೇಕು. ಹಿಡಿಸಿದ ಮೇಲೆ ಅದು ಅವಳ ಮಡಿಲಿಂದ ಇಳಿದು ತೆವಳುತ್ತದೆ, ಹಿಂದೆ ತಿರುಗಿ ನೋಡುತ್ತದೆ, ಅವಳಿದ್ದಾಳೆಂದು ಖಾತ್ರಿಯಾದರೆ ಇನ್ನೂ ಎರಡು ಅಡಿ ಮುಂದೆ ಹೋಗುತ್ತದೆ. ಕಲಿಕೆ ಎಂದರೆ ಆ ವಯಸ್ಸಿನಲ್ಲಿ ಇದೇ. ಅಷ್ಟು ಹೊತ್ತಿಗೆ ನೂರು ದಿನ ಮುಗಿದಿರುತ್ತಿತ್ತು. ಆರೈಕೆದಾರಳ ಕಡೆಯಿಂದ ನೋಡಿದರೂ ಅಷ್ಟೇ. ಯಾವ ಮಗುವಿಗೆ ಯಾವ ಕೈ ಬೇಕು ಎಂಬುದು ಅವಳಿಗೆ ಹತ್ತುತ್ತಿರುವಾಗಲೇ ಮನೆಗೆ ಹೋಗಬೇಕಿತ್ತು.

ದುಡ್ಡಿನ ಮಾತನ್ನು ಮುಚ್ಚಿಡಬೇಕಿಲ್ಲ. 2025-26ರಲ್ಲಿ ಕರ್ನಾಟಕದ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಅಂಗನವಾಡಿ ಕಾರ್ಯಕರ್ತೆಯದು ಇನ್ನೂ ಗೌರವಧನವೇ. 2025ರ ಬಜೆಟ್ ಅದಕ್ಕೆ ಸಾವಿರ ರೂಪಾಯಿ, ಸಹಾಯಕಿಗೆ 750 ರೂಪಾಯಿ ಸೇರಿಸಿತು. ಇವರಿಗೂ ಗ್ರ್ಯಾಚುಟಿ ಸಲ್ಲಬೇಕೆಂದು ಸುಪ್ರೀಂ ಕೋರ್ಟ್ ಹೇಳಬೇಕಾಗಿ ಬಂದದ್ದು 2022ರ ಏಪ್ರಿಲ್‌ನಲ್ಲಿ, ಯೋಜನೆ ಹುಟ್ಟಿ ನಲವತ್ತಾರು ವರ್ಷ ಕಳೆದ ಮೇಲೆ. ಮರುವರ್ಷ ಜನವರಿಯ ಚಳಿಯಲ್ಲಿ ರಾಜ್ಯದ ಕಾರ್ಯಕರ್ತೆಯರು ಫ್ರೀಡಂ ಪಾರ್ಕಿನಲ್ಲಿ ಹಗಲು ರಾತ್ರಿ ಕೂತರು. ಮನೆಯಲ್ಲಿ ಕೂತ ಪಿಯುಸಿ ಹುಡುಗಿ ಇದನ್ನೆಲ್ಲ ಟಿವಿಯಲ್ಲಿ ನೋಡಿದ್ದಾಳೆ. ಈ ಕೆಲಸಕ್ಕೆ ಬಾ ಎಂದು ಅವಳನ್ನು ಕರೆಯುವ ಮೊದಲು ಅವಳು ಲೆಕ್ಕ ಹಾಕುತ್ತಾಳೆ ಎಂಬುದು ನೆನಪಿರಬೇಕು.

ಹಾಗಿದ್ದೂ ಈಗ ಇರುವುದರಲ್ಲೇ ಮಾಡಬಹುದಾದ್ದು ಸಾಕಷ್ಟಿದೆ. ತರಬೇತಿಯನ್ನು ತಾಲ್ಲೂಕು ಸಭಾಂಗಣದಿಂದ ಕೆಳಗಿಳಿಸಿ ಪಂಚಾಯ್ತಿ ಮಟ್ಟಕ್ಕೆ ತರಬಹುದು. ಕೊಣನೂರಿನಲ್ಲೋ ಹಿರೀಸಾವೆಯಲ್ಲೋ ಅಕ್ಕಪಕ್ಕದ ನಾಲ್ಕೈದು ಊರಿನ ಕಾರ್ಯಕರ್ತೆಯರು, ಸಹಾಯಕಿಯರು, ಕೂಸಿನ ಮನೆಯವರು, ಜೊತೆಗೆ ಆಸಕ್ತಿ ಇರುವ ಆರೆಂಟು ತರುಣ ತರುಣಿಯರು ಹದಿನೈದು ದಿನಕ್ಕೊಮ್ಮೆ ಅರಿವು ಕೇಂದ್ರದಲ್ಲಿ ಮಧ್ಯಾಹ್ನ ಸೇರಲಿ. ಒಬ್ಬಳು ತನ್ನ ಕೇಂದ್ರದ ಒಂದು ಮಗುವಿನ ಕತೆ ಹೇಳಲಿ, ಉಳಿದವರು ಮಾತಾಡಲಿ. ಹುರುಳಿಕಾಳು, ಹುಣಸೆಬೀಜ, ತೆಂಗಿನ ಚಿಪ್ಪಿನಲ್ಲಿ ಮುಂದಿನ ವಾರದ ಆಟಿಕೆ ಅಲ್ಲೇ ಮಾಡಿಕೊಂಡು ಹೋಗಲಿ. ಹಿರಿಯ ಸಹಾಯಕಿಯರ ಬಾಯಲ್ಲಿರುವ ಜೋಗುಳ, ಒಗಟು, ಬೆರಳಾಟಗಳನ್ನು ಹೊಸಬರು ಬರೆದುಕೊಳ್ಳಲಿ. ಹೊಸಬರಿಂದ ಹಿರಿಯರು ಆ್ಯಪಿನ ಸಂಕಟ ಬಗೆಹರಿಸಿಕೊಳ್ಳಲಿ. ಹೀಗೆ ವರ್ಷ ಬಂದವರಿಗೆ, ದಿನಗಳನ್ನು ಕೂಡಿಸಿ, ನೀತಿ ಹೇಳಿದ ಆ ಆರು ತಿಂಗಳ ಸರ್ಟಿಫಿಕೇಟಿನ ಒಂದು ಪಾಲೆಂದು ಪರಿಗಣಿಸುವುದು ಇಲಾಖೆಗೆ ಕಷ್ಟವಾಗಬಾರದು. ಎಸ್ಸೆಸ್ಸೆಲ್ಸಿ ನಿಲ್ಲಿಸಿದ ಹುಡುಗಿಗೆ ಮತ್ತೆ ಪರೀಕ್ಷೆ ಕಟ್ಟಲೂ ಅದೇ ಕೋಣೆ ನೆವವಾದೀತು.

ಕೂಸಿನ ಮನೆಯ ಸರದಿಯನ್ನು ಪೂರ್ತಿ ತಪ್ಪಿಸಲಾಗದಿದ್ದರೆ, ಆರೈಕೆದಾರರೆಲ್ಲ ಒಟ್ಟಿಗೆ ಬದಲಾಗದಂತೆ ನೋಡಿಕೊಳ್ಳಬಹುದು. ಹಳಬಳೊಬ್ಬಳು ಇರುವಾಗಲೇ ಹೊಸಬಳು ಬಂದು ಕೆಲವು ವಾರ ಜೊತೆಗಿದ್ದರೆ ಮಗುವಿಗೆ ಮುಖ ಪರಿಚಯವಾಗುತ್ತದೆ, ಹೊಸಬಳಿಗೆ ಪುಕ್ಕಟೆ ಪಾಠವೂ ಆಗುತ್ತದೆ. ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ ಮನಸ್ಸು ಮಾಡಿದರೆ ಹಾಜರಿ ಪಟ್ಟಿಯಲ್ಲೇ ಮುಗಿಯುವ ಕೆಲಸ ಇದು.

ಒಂದು ಸಣ್ಣ ವಿಷಯ ಉಳಿಯಿತು. ಶಕ್ತಿ ಯೋಜನೆ 2023ರ ಜೂನ್ 11ರಂದು ಬಂದ ಮೇಲೆ ತರಬೇತಿಗೆ ಹೋಗುವ ಹೆಂಗಸರಿಗೆ ಬಸ್ ಚಾರ್ಜಿನ ಚಿಂತೆ ಹೋಯಿತು. ಹೋಗದೆ ಉಳಿದದ್ದು ಸಂಜೆಯ ಬಸ್ಸಿನ ಚಿಂತೆ, ಮತ್ತು ಅವರದೇ ಮಕ್ಕಳದ್ದು. ಶಿಶುಪಾಲನೆಯ ತರಬೇತಿಗೆ ಬಂದ ಬಾಣಂತಿ ತನ್ನ ಕೂಸನ್ನು ಹಿಂದಿನ ಸಾಲಿನಲ್ಲಿ ಸೆರಗಿನೊಳಗೆ ಸಮಾಧಾನ ಮಾಡುತ್ತ, ‘ಆಚೆ ಕರ್ಕೊಂಡ್ ಹೋಗಮ್ಮ, ಡಿಸ್ಟರ್ಬ್ ಆಗ್ತದೆ’ ಎಂದು ಹೇಳಿಸಿಕೊಳ್ಳುವ ಸಂದರ್ಭಗಳಿವೆ. ಮುಂದಿನ ಸಲ ಸಭಾಂಗಣದ ಪಕ್ಕದ ಕೋಣೆಯಲ್ಲಿ ಒಂದು ಜಮಖಾನ ಹಾಸಿ, ತರಬೇತಿ ಪಡೆಯುವವರೇ ಸರದಿಯಲ್ಲಿ ಆ ಮಕ್ಕಳನ್ನು ನೋಡಿಕೊಳ್ಳುವಂತೆ ಮಾಡಿದರೆ, ಸಂಪನ್ಮೂಲ ವ್ಯಕ್ತಿ ಎದ್ದು ಬಂದು ಅಲ್ಲಿ ಕೂತರೆ, ಅರ್ಧ ತರಬೇತಿ ಆ ಕೋಣೆಯಲ್ಲೇ ನಡೆಯುತ್ತದೆ.